ರೀಟಮ್ಮ ಬರೀ ಬಾಯಿ ಆಡಿಸುವುದಿಲ್ಲ

೭ ಸೆಪ್ಟೆಂಬರ್, ರವಿವಾರ

ಇವತ್ತು ನನ್ನನ್ನೂ ಒಂದು ಲ್ಯಾಪ್‌ಟಾಪನ್ನೂ ಪಕ್ಕಪಕ್ಕ ಇಟ್ಟು ತೂಗಿದರು. ಲ್ಯಾಪ್‌ಟಾಪು ಗೆದ್ದಿತು. ಅದು ತಾಳ ತಪ್ಪುವುದಿಲ್ಲವಂತೆ, ನಡುನಡುವೆ ಕಾಫಿ ಕೇಳುವುದಿಲ್ಲವಂತೆ. ಕಾಫಿಯ ಮಾತು ನಾನೇ ಸೇರಿಸಿದ್ದು, ಆದರೆ ಯೋಪ್‌ನ ಮುಖದ ಮೇಲೆ ಅದೂ ಬರೆದಿತ್ತು.

ಯೋಪ್ ದಕ್ಷಿಣ ರಾಟರ್‌ಡ್ಯಾಮಿನ ಲೈನ್ ಡಾನ್ಸ್ ಕ್ಲಬ್ಬಿನ ಅಧ್ಯಕ್ಷ. ಕುಣಿತದ ಮೇಷ್ಟ್ರೂ ಅವನೇ. ಕೌಬಾಯ್ ಹ್ಯಾಟು ತೊಟ್ಟ ನಿವೃತ್ತ ಡಚ್ಚರು ಸಾಲುಸಾಲಾಗಿ ನಿಂತು, ಅಮೆರಿಕದ ಕಂಟ್ರಿ ಹಾಡಿಗೆ ಹೆಜ್ಜೆ ಎಣಿಸುತ್ತ, ಎಲ್ಲರೂ ಒಟ್ಟಿಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಿರುಗುವುದನ್ನು ಕುಣಿತ ಎನ್ನುವುದಾದರೆ ಜನಗಣತಿಯೂ ಕುಣಿತವೇ. ನಾನು ಇವರನ್ನು ಎಣಿಕೆ ಇಲಾಖೆ ಎನ್ನುತ್ತೇನೆ. ತಿಂಗಳಿಗೊಂದು ರವಿವಾರ ಮಧ್ಯಾಹ್ನ ಈ ಇಲಾಖೆಗೆ ನಾವು ಮೂವರು ಸಂಗೀತ ಒದಗಿಸುತ್ತೇವೆ. ಹಾಡುವವರು ರೀಟ್. ಗಿಟಾರು ನಾನು. ಬಾಸ್ ಗಿಟಾರೂ ಧ್ವನಿವರ್ಧಕದ ಉಸ್ತುವಾರಿಯೂ ಗಯಾಸ್‌ನದು. ಬಸವ ಎಂಬ ನನ್ನ ಹೆಸರನ್ನು ಡಚ್ಚರು ತಮ್ಮ ಅಳತೆಗೆ ಕತ್ತರಿಸಿ ಬಾಸ್ ಮಾಡಿಕೊಂಡಿದ್ದಾರೆ. ಹಾಗಾಗಿ ನಮ್ಮಲ್ಲಿ ಬಾಸ್ ಗಿಟಾರು ನುಡಿಸುತ್ತಾನೆ, ಗಯಾಸ್ ಬಾಸ್ ನುಡಿಸುತ್ತಾನೆ, ಮತ್ತು ನಿಜವಾದ ಬಾಸ್ ರೀಟ್.

ಗಯಾಸ್ ಮೊದಲ ದಿನವೇ ಅವರನ್ನು ರೀಟಮ್ಮ ಎಂದು ಕರೆದ. ಅದು ಇಂಡಿಯಾದಲ್ಲಿ ದೊಡ್ಡ ಗಾಯಕಿಯರಿಗೆ ಕೊಡುವ ಬಿರುದು ಎಂದು ಅವರು ನಂಬಿದ್ದಾರೆ. ನಾವು ತಿದ್ದಿಲ್ಲ. ತಪ್ಪೂ ಅಲ್ಲ.

ಕತೆ ಇಷ್ಟು. ರೀಟಮ್ಮನ ಶ್ವಾಸಕೋಶ ಸೋತಿದೆ. ಸಾಲಿನ ನಡುವೆ ನಿಂತು ಉಸಿರೆಳೆದುಕೊಳ್ಳಬೇಕಾಗುತ್ತದೆ, ಆಗ ಎರಡೋ ನಾಲ್ಕೋ ಮಾತ್ರೆ ಹೆಚ್ಚಾಗುತ್ತದೆ. (ಅವರಿಗೆ ಈಗ ಎರಡು ಥರದ ಮಾತ್ರೆ ಹೆಚ್ಚಾಗಿವೆ.) ಕುಣಿಯುವವರದು ರೆಕಾರ್ಡಿನ ಲೆಕ್ಕಕ್ಕೆ ಕೂಡಿಸಿಟ್ಟ ಹೆಜ್ಜೆ. ಜೂನ್ ತಿಂಗಳಲ್ಲಿ ಅರ್ಧ ಸಾಲು ತಿರುಗಿತು, ಅರ್ಧ ಸಾಲು ತಿರುಗಲಿಲ್ಲ, ಯಾನಿ ಎಂಬ ಹೆಂಗಸು ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದಕ್ಕೆ ಇವತ್ತು ಯೋಪ್ ಬೆಸ್ತೂರಿನ ತೀರ್ಮಾನ ಓದಿದ. ಬೆಸ್ತೂರ್ ಎಂದರೆ ಆಡಳಿತ ಮಂಡಳಿ. ಜನರನ್ನು ಬೇಸ್ತು ಬೀಳಿಸುವುದು ಅದರ ಕೆಲಸ. ನವೆಂಬರಿನ ವಾರ್ಷಿಕೋತ್ಸವಕ್ಕೆ ರೀಟಮ್ಮ ತಾವೇ ಬರೆದು ಹಾಡಿದ ಹಳೆಯ ಹಾಡಿನ ರೆಕಾರ್ಡು ಹಾಕುತ್ತಾರಂತೆ. ರೀಟಮ್ಮ ಮೈಕಿನ ಮುಂದೆ ಬಾಯಿ ಆಡಿಸಬೇಕಂತೆ. ನಾನೂ ಗಯಾಸನೂ ಗಿಟಾರು ತೂಗುಹಾಕಿಕೊಂಡು, ಮದುವೆ ಮನೆಯ ಬಾಳೆಕಂಬದ ಹಾಗೆ ಆಚೀಚೆ ನಿಲ್ಲಬೇಕಂತೆ.

ಆಗುವುದಿಲ್ಲ ಎಂದೆ. ನನ್ನ ಸೋಲೋ ಎಲ್ಲಿ ಹೋಯಿತು ಎಂದೂ ಕೇಳಿದೆ. ಯೋಪ್ ಲ್ಯಾಪ್‌ಟಾಪು ಮುಚ್ಚಿದ. ರೀಟಮ್ಮ ಮೈಕಿನ ವೈರು ಸುತ್ತಿದರು.

೮ ಸೆಪ್ಟೆಂಬರ್, ಸೋಮವಾರ

ಆಗುವುದಿಲ್ಲ. ಬೆಳಿಗ್ಗೆ ಎದ್ದ ಮೇಲೂ ಆಗುವುದಿಲ್ಲ. ಆಫೀಸಿನಲ್ಲಿ ಹಡಗುಗಳ ವೇಳಾಪಟ್ಟಿ ನೋಡುತ್ತ ಕೂತಿದ್ದಾಗಲೂ ಆಗುವುದಿಲ್ಲ. ಮನೆಗೆ ಬಂದು ಹೆಂಡತಿ ಸ್ಮಿತಾಗೆ ಹೇಳಿದೆ. ಅವಳು ಏನೋ ಹೇಳಲು ಶುರು ಮಾಡಿದಳು. ಅಷ್ಟರಲ್ಲಿ ನನಗೆ ಇನ್ನೊಂದು ಒಳ್ಳೆಯ ಬೈಗುಳ ಹೊಳೆಯಿತು.

೧೩ ಸೆಪ್ಟೆಂಬರ್, ಶನಿವಾರ

ರೀಟಮ್ಮನ ಫ್ಲ್ಯಾಟಿನಲ್ಲಿ ತಾಲೀಮು. ರಾಟರ್‌ಡ್ಯಾಮಿನವರ ಡಚ್ಚು ನಮ್ಮ ಹುಬ್ಬಳ್ಳಿ ಕನ್ನಡದ ಹಾಗೆ: ಮೊದಲು ಬಡಿಯುತ್ತದೆ, ಆಮೇಲೆ ಚಹಾ ಕುಡಿ ಎನ್ನುತ್ತದೆ. ಆದ್ದರಿಂದ ಇವರ ಮಾತನ್ನೆಲ್ಲ ನಾನು ಹುಬ್ಬಳ್ಳಿಗೆ ಇಳಿಸಿಯೇ ಬರೆದುಕೊಳ್ಳುತ್ತೇನೆ. ಬೇರೆ ಯಾವ ಕನ್ನಡಕ್ಕೆ ಹಾಕಿದರೂ ರೀಟಮ್ಮ ಸೌಮ್ಯರಾಗಿಬಿಡುತ್ತಾರೆ, ಅದು ಅವರಿಗೆ ಅವಮಾನ.

"ನಾ ಯೋಪ್‌ಗ ಹೂಂ ಅಂದೀನಿ," ಎಂದರು. "ಬಾಯಿ ಆಡಿಸಿದ್ರ ಯಾರ ಕೈನೂ ಮುರಿಯೂದಿಲ್ಲ."

ನಾನು ಭಾಷಣ ಮಾಡಿದೆ. ರೀಟ್ ಎಂಬ ಹೆಸರಿಟ್ಟುಕೊಂಡು ಅನ್ಯಾಯದ ಮೇಲೆ ಒಂದು ರಿಟ್ ಅರ್ಜಿಯಾದರೂ ಹಾಕಬೇಡವೇ ಎಂದೆ. ಈ ಶ್ಲೇಷೆಯನ್ನು ಡಚ್ಚಿನಲ್ಲಿ ವಿವರಿಸುವಷ್ಟರಲ್ಲಿ ಚಹಾ ಆರಿತು.

ರೀಟಮ್ಮ ಹುಟ್ಟಿದ್ದು ಸರಕು ದೋಣಿಯ ಮೇಲೆ. ಅಪ್ಪ ಅಮ್ಮ ಮರಳು, ಕಲ್ಲಿದ್ದಲು ತುಂಬಿಕೊಂಡು ರಾಟರ್‌ಡ್ಯಾಮಿಗೂ ಜರ್ಮನಿಗೂ ನಡುವೆ ಓಡಾಡುತ್ತಿದ್ದರು. ಅವರ ಆ ಹಳೆಯ ಹಾಡಿನ ಹೆಸರನ್ನು ಕನ್ನಡದಲ್ಲಿ 'ದಂಡೆ ನನ್ನದಲ್ಲ' ಎನ್ನಬಹುದು. ದೋಣಿಯ ಮೇಲೆ ಕೂತ ಹುಡುಗಿ ದಡದವರ ಕಿಟಕಿ, ಪರದೆ, ಒಣಗಲು ಹಾಕಿದ ಬಟ್ಟೆ ನೋಡುತ್ತ ಹೋಗುತ್ತಾಳೆ, ಅಷ್ಟೆ. ಕುದುರೆ ಇಲ್ಲ, ವಿಸ್ಕಿ ಇಲ್ಲ. ಊರೇ ಇಲ್ಲದವಳ ಕಂಟ್ರಿ ಸಂಗೀತ.

ಕಂಟ್ರಿ ಎಂದರೆ ನನ್ನ ಅಪ್ಪನಿಗೆ ಸಾರಾಯಿಯೇ ನೆನಪಾಗುತ್ತಿತ್ತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವರು, ಮಗ ಸಂಜೆ ರೈಲ್ವೆ ಇನ್‌ಸ್ಟಿಟ್ಯೂಟಿಗೆ ಕಂಟ್ರಿಗಾಗಿ ಹೋಗುತ್ತಾನೆ ಎಂದು ಕೇಳಿ ಮೊದಲು ಬಾಯಿ ಮೂಸಿ ನೋಡಿದ್ದರು. ಅಲ್ಲಿ ಹಾಡುತ್ತಿದ್ದವರು ಆಂಗ್ಲೋ-ಇಂಡಿಯನ್ ಗಾರ್ಡು ಡೆರಿಕ್ ಸಾಹೇಬರು. ಹಸಿರು ಬಾವುಟ ಬೀಸುವ ಕೈಯಲ್ಲೇ ಮೈಕು ಹಿಡಿಯುತ್ತಿದ್ದರು. ಕಾಣದ ಅಮೆರಿಕದ ಬೆಟ್ಟಗಳಿಗೆ ಅಳುತ್ತಿದ್ದರು, ಪ್ರತಿ ಸಾಲಿನ ಕೊನೆಗೆ ಗೋಡೆ ಗಡಿಯಾರ ನೋಡುತ್ತಿದ್ದರು. ಆ ಖಾಲಿ ಜಾಗದಲ್ಲಿ ನಾನು ಗಿಟಾರು ಓಡಿಸುತ್ತಿದ್ದೆ. ಎರಡು ಸಾಲಿನ ನಡುವೆ ಹಾಡುಗಾರ ಉಸಿರೆಳೆಯುವ ಜಾಗ ಗಿಟಾರಿನವನ ಸೈಟು. ಡೆರಿಕ್ ಸಾಹೇಬರು ಬಿಟ್ಟ ಸೈಟಿನಲ್ಲಿ ನಾನು ಮಹಡಿ ಮನೆ ಕಟ್ಟಿದೆ. ಜನ ಅವರನ್ನು ಬಿಟ್ಟು ನನಗೆ ಚಪ್ಪಾಳೆ ತಟ್ಟಿದ ದಿನವೂ ಉಂಟು. ಲ್ಯಾಪ್‌ಟಾಪಿಗೆ ಯಾರು ಹಾಗೆ ತಟ್ಟಿದ್ದಾರೆ?

೧೬ ಸೆಪ್ಟೆಂಬರ್, ಮಂಗಳವಾರ

ಗಯಾಸ್ ಫೋನು ಮಾಡಿದ್ದ. ದೂರದ ಡೀಮೆನ್ ಊರಿನಿಂದ ರೈಲಿನಲ್ಲಿ ಆಂಪ್ಲಿಫೈಯರು ಹೊತ್ತು ಬರುವ ಮಹಾನುಭಾವ. ಬೆಂಗಳೂರಿನ ಹುಡುಗ, ನನಗಿಂತ ಚಿಕ್ಕವನು.

"ಬಸವಣ್ಣ, ಸಿಂಪಲ್," ಎಂದ. "ರೀಟಮ್ಮಂಗೆ ಕಿವಿಗೆ ಒಂದು ಇಯರ್‌ಪೀಸ್ ಹಾಕೋಣ. ಒಳಗೆ ಟಿಕ್ ಟಿಕ್ ಅಂತ ತಾಳ ಬರುತ್ತೆ. ಅವರು ಅದಕ್ಕೆ ಹಾಡ್ತಾರೆ, ಡಾನ್ಸರ್ಸ್ ಅದಕ್ಕೆ ಕುಣೀತಾರೆ. ಯೋಪ್‌ಗೂ ಖುಷಿ, ನಮಗೂ ಖುಷಿ."

ಬುದ್ಧಿವಂತ. ಯೋಪ್‌ನನ್ನು ಯೋಪ್‌ನ ಆಟದಲ್ಲೇ ಸೋಲಿಸುತ್ತೇನೆ.

೨೭ ಸೆಪ್ಟೆಂಬರ್, ಶನಿವಾರ

ಟಿಕ್ ಟಿಕ್ ಪ್ರಯೋಗ ನಡೆಯಿತು.

ರೀಟಮ್ಮನಿಗೆ ಮನಸ್ಸಿರಲಿಲ್ಲ. ಒಂದೇ ಸಲ ನನಗಾಗಿ ಎಂದು ಗೋಗರೆದೆ. ಮೊದಲ ಚರಣ ಗಡಿಯಾರದ ಮುಳ್ಳಿನ ಹಾಗೆ ಸಾಗಿತು. ನಾನು ಗಯಾಸ್‌ನತ್ತ ಹುಬ್ಬು ಹಾರಿಸಿದೆ. ಎರಡನೆಯ ಚರಣದಲ್ಲಿ ಅವರ ಕುತ್ತಿಗೆಯ ನರ ಎದ್ದು ಕಾಣತೊಡಗಿತು. ಉಸಿರಿಗೆ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಟಿಕ್ ಟಿಕ್ ಬಿಡಲಿಲ್ಲ. ನಾನು ಎಂದಿನಂತೆ ನಡುವೆ ಸೊಗಸಾದ ಒಂದು ತುಣುಕು ಸೇರಿಸಿ ದಾರಿ ಮಾಡಿಕೊಟ್ಟೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕಿವಿಯಿಂದ ಅದನ್ನು ಕಿತ್ತೆಸೆದು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದರು. ಕೆಮ್ಮು ನಿಲ್ಲಲೇ ಇಲ್ಲ. ತುಟಿ ನೀಲಿಯಾಗಿತ್ತು. ಗಯಾಸ್ ಇನ್‌ಹೇಲರ್ ಹುಡುಕಿ ಕೊಟ್ಟ. ನನ್ನ ಕೈಯಲ್ಲಿ ಗಿಟಾರು ಇತ್ತು, ಅದನ್ನು ಎಲ್ಲಿಡಬೇಕು ಎಂದೇ ತೋಚಲಿಲ್ಲ.

ಆದರೂ ತತ್ವತಃ ನಾನು ಸರಿ ಎಂದೇ ಅನ್ನಿಸುತ್ತದೆ.

೨೮ ಸೆಪ್ಟೆಂಬರ್, ರವಿವಾರ

ಇಲ್ಲ, ಅನ್ನಿಸುವುದಿಲ್ಲ. ಆದರೆ ಯೋಪ್ ತಪ್ಪು ಎಂಬುದರಲ್ಲಿ ಬದಲಾವಣೆ ಇಲ್ಲ.

೪ ಅಕ್ಟೋಬರ್, ಶನಿವಾರ

ತಾಲೀಮು ಇಲ್ಲ. ರೀಟಮ್ಮ ವಿಶ್ರಾಂತಿ ಬೇಕು ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಸ್ಮಿತಾಗೆ ಕೋರಲ್ ಆಂಟಿಯ ಕತೆ ಹೇಳಿದೆ. ನಾನು ಹೇಳುವ ಕತೆಗಳಲ್ಲಿ ಅದಕ್ಕೆ ಯಾವಾಗಲೂ ನಗು ಗ್ಯಾರಂಟಿ.

ಕೋರಲ್ ಆಂಟಿ ಕೆ.ಜಿ.ಎಫ್.ನವರು. ಗಂಡ ಗಣಿಯಲ್ಲಿದ್ದರು. ಬೆಂಗಳೂರಿನ ಒಂದು ರೆಸ್ಟೋರೆಂಟಿನಲ್ಲಿ ಶುಕ್ರವಾರ ಶುಕ್ರವಾರ ಹಾಡುತ್ತಿದ್ದರು, ಎಲ್ಲವೂ ಸ್ವಂತ ಹಾಡು. ಕಂಟ್ರಿ ಧಾಟಿ, ಇಂಗ್ಲಿಷು ಮಾತು, ನಡುವೆ ತಮಿಳಿನ ಒಗ್ಗರಣೆ. ಪ್ರತಿ ಹಾಡಿನಲ್ಲೂ ಎಲ್ಲೋ ಒಂದು ಕಡೆ ಗಣಿಯ ಸೈರನ್ ಕೂಗುತ್ತಿತ್ತು. ಕೂಗಿದ ಮೇಲೆ ಹಾಡಿನ ಹೆಂಗಸು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಚಿನ್ನದ ಗಣಿಯವರು, ಚಿನ್ನದಂಥ ಕಂಠ, ಮೈಮೇಲೆ ಮಾತ್ರ ಗುಲಗಂಜಿ ಚಿನ್ನವಿರಲಿಲ್ಲ. ಒಂದು ಶುಕ್ರವಾರ ಸೈರನ್ ಕೂಗಿದ್ದೇ ತಡ, ಆ ಖಾಲಿ ಜಾಗದಲ್ಲಿ ನಾನು ನನ್ನ ಅತ್ಯುತ್ತಮ ಕೈಚಳಕ ತೋರಿಸಿದೆ. ಆಂಟಿ ಹಾಡು ನಿಲ್ಲಿಸದೆ ನನ್ನತ್ತ ನಡೆದು ಬಂದು, ಅಂಗೈಯನ್ನು ನನ್ನ ತಂತಿಗಳ ಮೇಲೆ ಚಪ್ಪಟೆಯಾಗಿ ಇಟ್ಟುಬಿಟ್ಟರು. ಹಾಡು ಮುಗಿಯುವ ತನಕ ತೆಗೆಯಲಿಲ್ಲ. ಅವರಿಗೆ ನನ್ನ ಮೇಲೆ ಮನಸ್ಸಾಗಿದೆ ಎಂದು ಗೆಳೆಯರು ವರ್ಷವಿಡೀ ಕಾಡಿದರು.

ಸ್ಮಿತಾ ನಗಲಿಲ್ಲ. "ಆಕಿ ಕೈ ಯಾಕ ಇಟ್ಟಳು ಅಂತ ನೀವು ಕೇಳಲೇ ಇಲ್ಲೇನ್ರಿ?" ಎಂದಳು.

ಕೇಳಿರಲಿಲ್ಲ. ಕೇಳಿದ್ದರೆ ಕತೆ ಉಳಿಯುತ್ತಿತ್ತೇ?

೧೧ ಅಕ್ಟೋಬರ್, ಶನಿವಾರ

ಹೋದ ತಕ್ಷಣ ರೀಟಮ್ಮ ಕೋಟು ಬಿಚ್ಚಲೂ ಬಿಡದೆ ಹೇಳಿದರು: "ನಿನ್ನಿ ಕನ್ನಡಿ ಮುಂದ ನಿಂತು ಆ ರೆಕಾರ್ಡ್ ಹಚ್ಚಿ ಬಾಯಿ ಆಡಿಸಿ ನೋಡಿದೆ. ಆ ಹುಡುಗಿ ಉಸಿರ ಎಳಕೊಳ್ಳೂದಿಲ್ಲೋ ಬಾಸ್. ಆಕಿ ಹಿಂದ ಬರೀ ಬಾಯಿ ಆಡಿಸಿದ್ರನೂ ನನಗ ದಮ್ಮು ಹತ್ತತೈತಿ."

ಆ ಹುಡುಗಿ ಎಂದರೆ ಅವರೇ, ಮೂವತ್ತರ ಹರೆಯದ ರೀಟಮ್ಮ. ಆಕೆ ತಮಗೆ ಪರಿಚಯವೇ ಇಲ್ಲದ, ಸ್ವಲ್ಪ ಸೊಕ್ಕಿನ ಹೆಣ್ಣು ಎಂದರು.

"ನಾ ಹಾಡಾಕಿ. ಎಷ್ಟ ಉಸಿರು ಐತೋ ಅಷ್ಟರಾಗ ಹಾಡತೀನಿ. ಬರೀ ಬಾಯಿ ಆಡಸೂದಿಲ್ಲ. ಯೋಪ್‌ಗ ಹೇಳಿಬಿಟ್ಟೀನಿ."

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅವರು ಬೆರಳು ನನ್ನತ್ತ ತಿರುಗಿಸಿದರು. ತಾವು ಉಸಿರೆಳೆಯುವ ಹೊತ್ತಿಗೆ ನಾನು ಏನೋ ಬಾರಿಸುತ್ತೇನಲ್ಲ, ಅದು ಇನ್ನು ಮೇಲೆ ಬೇಡ ಎಂದರು. ಅದು ಅವರ ದಣಿವು ಜನಕ್ಕೆ ಕಾಣದಂತೆ ಮುಚ್ಚಲಿಕ್ಕೆ ಎಂದು ತಿಳಿಸಿ ಹೇಳಿದೆ.

"ಮುಚ್ಚಾಕ ನಾ ಏನ ತಪ್ಪ ಮಾಡೀನಿ?" ಎಂದರು. "ನಿನ್ನ ಗಿಟಾರು ಅಲ್ಲಿ 'ಬಾ, ಬಾ, ಹೊತ್ತಾತು' ಅಂತೈತಿ. ಅದನ್ನ ಕೇಳಿ ನಾ ಅರ್ಧ ಉಸಿರಿಗೇ ಹಾಡಾಕ ಬರ್ತೀನಿ. ಅರ್ಧಕ್ಕ ಬಂದ್ರ ಮುಂದಿನ ಸಾಲಿನ್ಯಾಗ ಮತ್ತ ನಿಲ್ಲಬೇಕಲ್ಲ. ಯಾಡ ವರ್ಷ ಆತು."

ವಾದಿಸಿದೆ. ಇದು ಕಸುಬು, ಪಕ್ಕವಾದ್ಯದವನ ಧರ್ಮ, ಹೀಗೆ ಏನೇನೋ. ಅವರು ಕೇಳಿಸಿಕೊಂಡು, ಸರಿ, ಒಂದು ಸಲ ಬಾರಿಸದೆ ನೋಡು ಎಂದರು. ಸಾಲು ಮುಗಿಯಿತು. ನಾನು ಕೈ ತಡೆದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳಿತು, ಕೆಳಗೆ ಟ್ರಾಮು ತಿರುಗುವುದು ಕೇಳಿತು. ನನ್ನ ಬೆರಳುಗಳು ಕಟ್ಟಿಹಾಕಿದ ಕರುವಿನ ಹಾಗೆ ಜಗ್ಗಿದವು. ರೀಟಮ್ಮ ಪೂರ್ತಿ ಉಸಿರು ತುಂಬಿಕೊಂಡು, ಮುಂದಿನ ಅರ್ಧ ಚರಣವನ್ನು ಒಂದೂ ಕೆಮ್ಮಿಲ್ಲದೆ ಹಾಡಿದರು. ಕಾಕತಾಳೀಯ ಎಂದುಕೊಂಡೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಕಾಗೆಯನ್ನು ಬಿಟ್ಟು ತಾಳವನ್ನು ಹಿಡಿದೆ: ಇನ್ನು ಚರಣಕ್ಕೆ ಎರಡೇ ನಿಲುಗಡೆ, ಎರಡೂ ಪೂರ್ತಿ ನಿಲುಗಡೆ.

ಇದರಿಂದ ನಾನು ಹೇಳಿದ್ದೇನೂ ಸುಳ್ಳಾಗುವುದಿಲ್ಲ. ಬೇರೆ ಹಾಡುಗಾರರ ವಿಷಯ ಬೇರೆ.

೧೨ ಅಕ್ಟೋಬರ್, ರವಿವಾರ

ಟೋನ್ ನೆನಪಾದ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನನ್ನು ಜೊತೆಗೆ ಸೇರಿಸಿಕೊಂಡ ಲಾರಿ ಡ್ರೈವರು. ಹೆಸರಿನಲ್ಲಿದ್ದ ಟೋನು ಗಂಟಲಿನಲ್ಲಿರಲಿಲ್ಲ. ಬರೆದ ಹಾಡೆಲ್ಲ ಹೆದ್ದಾರಿಯ ಮೇಲೆ. ಎಲ್ಲದರಲ್ಲೂ ಯಾರೋ ಒಬ್ಬರು ಪೆಟ್ರೋಲ್ ಬಂಕಿನಲ್ಲಿ ಕಾಫಿ ಹಿಡಿದು ಯಾರಿಗೋ ಕಾಯುತ್ತಿರುತ್ತಾರೆ. ಕೊನೆಯ ವರ್ಷ ವೃದ್ಧಾಶ್ರಮದ ಹಜಾರದಲ್ಲಿ ಹಾಡುವಾಗ ಸಾಲುಗಳ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದ. ಮರೆತನೆಂದು ನಾನು ಪ್ರತಿ ಸಲ ಮುಂದಿನ ಸಾಲಿನ ಸ್ವರ ಬಾರಿಸಿ ಎಬ್ಬಿಸುತ್ತಿದ್ದೆ. ಅವನು ಹಾಗೆ ನಿಂತಾಗ ಅವನ ಮುಖ ಹೇಗಿರುತ್ತಿತ್ತು ಎಂದು ಇವತ್ತು ನೆನಪು ಮಾಡಿಕೊಳ್ಳಲು ನೋಡಿದೆ. ನಗುತ್ತಿದ್ದ ಎಂದು ಕಾಣುತ್ತದೆ. ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ.

೧೩ ಅಕ್ಟೋಬರ್, ಸೋಮವಾರ

ಯೋಪ್ ರೀಟಮ್ಮನಿಗೆ ಉತ್ತರ ಕೊಟ್ಟಿದ್ದಾನೆ: ಹಾಡಲೇಬೇಕೆಂದರೆ ಕುಣಿತ ಇಲ್ಲ, ಕುಣಿತ ಬೇಕೆಂದರೆ ರೆಕಾರ್ಡು. ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಕ್ಲಬ್ಬಿನದೇ ಕುಣಿತ ಬಿಡುವ ಹಾಗಿಲ್ಲವಾದ್ದರಿಂದ ಉತ್ತರ ಒಂದೇ.

ಶತ್ರುವಿನ ಕೋಟೆಯನ್ನು ಒಳಗಿನಿಂದ ನೋಡೋಣವೆಂದು ಸಂಜೆ ಅವನ ತರಗತಿಗೆ ಸೇರಿದೆ. ಸ್ಮಿತಾಳೂ ಬಂದಳು. ಯೋಪ್ ಅನುಮಾನದಿಂದ ನೋಡಿದ, ಆದರೆ ಹೊಸಬರಿಗೆ ಕಾಫಿಯ ಜೊತೆ ಬಿಸ್ಕತ್ತು ಕೊಡಬೇಕೆಂಬ ನಿಯಮ ಮುರಿಯಲಿಲ್ಲ. ಒಂದೇ ಬಿಸ್ಕತ್ತು.

ಸ್ಮಿತಾ ಹುಟ್ಟುವಾಗಲೇ ಹ್ಯಾಟು ತೊಟ್ಟು ಹುಟ್ಟಿದವಳಂತೆ ಕುಣಿದಳು. ನನ್ನದು ಬೇರೆ ಶೈಲಿ. ಎಲ್ಲರೂ ಉತ್ತರದ ಗೋಡೆಗೆ ತಿರುಗಿದಾಗ ನಾನು ದಕ್ಷಿಣ ಭಾರತದವನೆಂದು ಸಾಬೀತು ಮಾಡುತ್ತಿದ್ದೆ. "ಎಡಗಾಲು ಎತ್ರಿ ಅಂದ್ರ ಬಲಗಾಲು ಎತ್ತಿ ಎಡಗಡೆ ನೋಡ್ತೀರಲ್ರಿ," ಎಂದಳು. ಪಕ್ಕದಲ್ಲಿ ಯಾನಿ, ಮಣಿಕಟ್ಟು ಮುರಿದುಕೊಂಡವರು, ಪ್ರತಿ ಸಲ ನನ್ನ ತೋಳು ಹಿಡಿದು ಸರಿಯಾದ ಗೋಡೆಗೆ ತಿರುಗಿಸಿದರು. ಆ ಕೈಯಲ್ಲಿ ಇನ್ನೂ ಪಟ್ಟಿ ಇದೆ.

ಒಂದು ಉಪಯೋಗದ ಮಾತು ಸಿಕ್ಕಿತು. ಹಾಡಿನಲ್ಲಿ ಎಲ್ಲಾದರೂ ಹೆಚ್ಚುವರಿ ಮಾತ್ರೆ ಇದ್ದರೆ ಅಲ್ಲಿಗೆ ಒಂದು ತುಂಡು ಹೆಜ್ಜೆ ಹೊಲಿಯುತ್ತಾರೆ. ಅದಕ್ಕೆ ಟ್ಯಾಗ್ ಎಂದು ಹೆಸರು. ಅಂದರೆ ಈ ಜನಕ್ಕೆ ಕಾಯಲು ಬರುತ್ತದೆ.

೨೦ ಅಕ್ಟೋಬರ್, ಸೋಮವಾರ

ತರಗತಿ. ಎರಡು ಗೋಡೆ ಸರಿ, ಎರಡು ತಪ್ಪು. ಯಾನಿಯವರು ಬಟಾಣಿ ಸೂಪು ತಂದಿದ್ದರು.

೨೭ ಅಕ್ಟೋಬರ್, ಸೋಮವಾರ

ತರಗತಿ ಮುಗಿದ ಮೇಲೆ ಯೋಪ್‌ನ ಮುಂದೆ ವಿಷಯ ಇಟ್ಟೆ. ಚರಣದ ನಡುವೆ ಒಂದು, ಕೊನೆಗೆ ಒಂದು ಟ್ಯಾಗ್. ಬಲ ಹಿಮ್ಮಡಿ ಮುಂದೆ, ಕಾಲ್ಬೆರಳು ಮೇಲೆ, ಹ್ಯಾಟು ಎದೆಯ ಮೇಲೆ, ಎಲ್ಲರೂ ನಿಂತಲ್ಲೇ. ರೀಟಮ್ಮ ಬಾಯಿ ತೆರೆದಾಗ ನಾನು ತಂತಿ ಮೀಟುತ್ತೇನೆ, ಆಗ ಕಾಲು ಇಳಿಸುವುದು.

ಎಷ್ಟು ಎಣಿಕೆ ಎಂದ. ಎಣಿಕೆ ಇಲ್ಲ, ಅವರ ಉಸಿರು ತುಂಬುವ ತನಕ ಎಂದೆ. ಯೋಪ್ ಹ್ಯಾಟು ತೆಗೆದು ಮೇಜಿನ ಮೇಲಿಟ್ಟ.

"ಎಣಿಕಿ ಇಲ್ಲದ್ದಕ್ಕ ಹೆಜ್ಜಿ ಇಲ್ಲ. ಜೂನಿನ್ಯಾಗ ಏನಾತು ನೋಡಿದಿಯಲ್ಲ."

ಅವನು ಸುಮ್ಮನೆ ಹಟ ಮಾಡುತ್ತಿರಲಿಲ್ಲ. ಯಾನಿಯವರು ಬಿದ್ದಾಗ ಆಸ್ಪತ್ರೆಗೆ ಕಾರು ಓಡಿಸಿಕೊಂಡು ಹೋದವನು ಅವನೇ. ಅದನ್ನು ನನಗೆ ಇವತ್ತಷ್ಟೇ ಯಾರೋ ಹೇಳಿದರು. ಮಾತಾಡಿದವರು ಯಾನಿ. ಬಂದರಿನ ಕ್ಯಾಂಟೀನಿನಲ್ಲಿ ದುಡಿದವರು, ಯೋಪ್ ಅಲ್ಲಿ ಕ್ರೇನು ನಡೆಸುತ್ತಿದ್ದ ಕಾಲದಿಂದ ಬಲ್ಲವರು.

"ಯೋಪ್, ನೀ ಮ್ಯಾಲೆ ಕ್ರೇನಿನ್ಯಾಗ ಕುಂತಾಗ, ಕೆಳಗ ಸರಕಿಗೆ ಕೊಕ್ಕಿ ಹಾಕಾವ ಕೈ ಎತ್ತೂ ತನಕಾ ಎಷ್ಟ ಎಣಸ್ತಿದ್ದಿ?"

ಯೋಪ್ ಮೇಜಿನ ಮೇಲಿನ ಹ್ಯಾಟನ್ನು ಕೈಗೆತ್ತಿಕೊಂಡ. "ಎಣಸ್ತಿರಲಿಲ್ಲ," ಎಂದ. "ನೋಡ್ತಿದ್ದೆ."

"ಹಂಗಾರ ನೋಡು. ಮಣಿಕಟ್ಟು ನಂದು, ನಾ ಮುಂದಿನ ಸಾಲಿನ್ಯಾಗ ನಿಲ್ತೀನಿ."

ಒಪ್ಪಿದ, ಒಂದು ಷರತ್ತಿನ ಮೇಲೆ. ಗಯಾಸ್‌ನ ಪಕ್ಕದಲ್ಲಿ ಲ್ಯಾಪ್‌ಟಾಪು ತೆರೆದಿರಬೇಕು, ಅದರಲ್ಲಿ ಹಳೆಯ ರೆಕಾರ್ಡು ಸಿದ್ಧವಿರಬೇಕು. ಇನ್ನು ಆಗುವುದಿಲ್ಲ ಎಂದು ಕಂಡರೆ ಯೋಪ್ ಹ್ಯಾಟು ಮೇಲೆತ್ತುತ್ತಾನೆ. ಗಯಾಸ್ ಗುಂಡಿ ಒತ್ತಬೇಕು. ಮನೆಗೆ ಬರುವ ದಾರಿಯಲ್ಲಿ ಮೆಟ್ರೋದಲ್ಲಿ ಸ್ಮಿತಾ ತಾನು ಕೆಲಸ ಮಾಡುವ ಲ್ಯಾಬಿನ ರಗಳೆಯನ್ನು ಪೂರ್ತಿ ಹೇಳಿದಳು. ಎಷ್ಟು ದೊಡ್ಡ ಕತೆ ಅದು! ಇಷ್ಟು ದಿನ ಯಾಕೆ ಹೇಳಿರಲಿಲ್ಲವೋ.

೯ ನವೆಂಬರ್, ರವಿವಾರ

ರೀಟಮ್ಮ ಆಸ್ಪತ್ರೆಯಲ್ಲಿ. ಎದೆಗೆ ಸೋಂಕು. ಮೂಗಿಗೆ ಕೊಳವೆ. ಮಾತಾಡಬೇಡಿ ಎಂದೆ, ಕೈಯಲ್ಲೇ ಬೈದರು. ಕೂತಿದ್ದು ಬಂದೆ.

೧೬ ನವೆಂಬರ್, ರವಿವಾರ

ಮನೆಗೆ ಬಂದಿದ್ದಾರೆ. ಯೋಪ್ ಹೂವು ತಂದು, ರೆಕಾರ್ಡೇ ಇರಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದು ನಿಜವಾದ ಕಾಳಜಿಯಿಂದ ಹೇಳಿದ. ನಾನೂ ತಲೆಯಾಡಿಸಿದೆ. ಈಗ ಬೇಡವೆಂದೇ ನನಗೂ ಅನ್ನಿಸಿತ್ತು, ಹೆದರಿದ್ದೆ.

ಡಾಕ್ಟರು ಏನು ಹೇಳಿದರು ಎಂದು ಕೇಳಿದೆವು.

"ಅವರಿಗೆ ನಾ ಕುಣಿಯೂದಿಲ್ಲ ಅಂತ ಮಾತು ಕೊಟ್ಟೀನಿ," ಎಂದರು. "ಹಾಡೂದಿಲ್ಲ ಅಂತ ಅಂದಿಲ್ಲ. ಏ ಬಾಸ್, ಗಿಟಾರು ತಗಿ. ಶ್ರುತಿ ಇನ್ನೂ ಕೆಳಗ ಇಳಿಸು."

ಇಳಿಸಿದೆ. ಇಷ್ಟು ಕೆಳಗೆ ಆ ಹಾಡನ್ನು ನಾನು ಕೇಳಿರಲಿಲ್ಲ. ನೀರಿನ ಮಟ್ಟದಲ್ಲಿ ಕೂತು ದಡ ನೋಡಿದ ಹಾಗಿತ್ತು. ಯೋಪ್ ಹೂವನ್ನು ಮಡಿಲಲ್ಲೇ ಇಟ್ಟುಕೊಂಡು ಕೊನೆತನಕ ಕೂತಿದ್ದ.

೨೩ ನವೆಂಬರ್, ರವಿವಾರ

ಕೋಟು ಬಿಚ್ಚದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಸಭಾಂಗಣ ತುಂಬಿತ್ತು. ಡಚ್ಚರ ಪದ್ಧತಿಯಂತೆ ಎಲ್ಲರೂ ಎಲ್ಲರಿಗೂ ಅಭಿನಂದನೆ ಹೇಳಿದರು. ಹಬ್ಬ ಕ್ಲಬ್ಬಿನದಾದರೂ ಕೋಟು ಇಡುವ ಕೋಣೆಯವನ ಕೈಯನ್ನೂ ಕುಲುಕಿದರು. ನಮ್ಮ ಸಾಲಿನಲ್ಲಿ ಸ್ಮಿತಾಳ ಪಕ್ಕ ನನ್ನ ಜಾಗ ಖಾಲಿ ಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಯೋಪ್, ಅವನ ಎಡಕ್ಕೆ ಯಾನಿ. ರೀಟಮ್ಮನಿಗೆ ಎತ್ತರದ ಕುರ್ಚಿ ಇಟ್ಟಿದ್ದೆವು. ಅದರ ಮೇಲೆ ಕೈಚೀಲ ಇಟ್ಟು ತಾವು ನಿಂತರು.

ಮೊದಲ ನಿಲುಗಡೆ ಚಿಕ್ಕದು. ಸಾಲು ಮುಗಿಯಿತು, ನಾನು ಕೈ ತೆಗೆದೆ, ಗಯಾಸ್ ಕೈ ತೆಗೆದ. ಸಭಾಂಗಣದ ಹಿಮ್ಮಡಿಗಳೆಲ್ಲ ಒಟ್ಟಿಗೆ ನೆಲಕ್ಕೆ ಊರಿದ ಸದ್ದು, ಹ್ಯಾಟುಗಳು ಎದೆಗೆ ಬಂದ ಸದ್ದು, ಆಮೇಲೆ ಏನೂ ಇಲ್ಲ. ರೀಟಮ್ಮನ ಉಸಿರು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು, ಒಳಗೆ ಹೋಗುವಾಗಿನ ಆ ಸಿಳ್ಳೆಯ ಸಮೇತ. ಯಾರೂ ಮುಚ್ಚಲಿಲ್ಲ. ಹಾಡಿದರು, ಮೀಟಿದೆ, ಸಾಲುಗಳು ತಿರುಗಿದವು.

ಎರಡನೆಯ ಚರಣದ ನಡುವೆ ಕೆಮ್ಮು ಬಂತು. ಮೈಕನ್ನು ಎದೆಗೆ ಒತ್ತಿಕೊಂಡು ಬಾಗಿದರು. ನಾನು ಅವರ ಭುಜವನ್ನಷ್ಟೇ ನೋಡುತ್ತಿದ್ದೆ. ನಿಲುಗಡೆ ಉದ್ದವಾಯಿತು. ಕಣ್ಣಂಚಿನಲ್ಲಿ ಒಂದು ಹ್ಯಾಟು ನಿಧಾನಕ್ಕೆ ಮೇಲೇರುವುದು ಕಂಡಿತು, ಯೋಪ್‌ನದು. ಗಯಾಸ್‌ನ ಮೊಣಕೈ ಹತ್ತಿರವೇ ಲ್ಯಾಪ್‌ಟಾಪು ಬೆಳಗುತ್ತಿತ್ತು. ಅವನು ತಲೆ ಬಗ್ಗಿಸಿ ತನ್ನ ಬಾಸ್ ಗಿಟಾರಿನ ಕಿವಿ ತಿರುಗಿಸತೊಡಗಿದ, ಅದನ್ನು ಆಗಷ್ಟೇ ಕೊಂಡು ತಂದವನ ಹಾಗೆ. ಹ್ಯಾಟು ಇನ್ನೂ ಮೇಲಕ್ಕೆ ಹೋಯಿತು. ಗಯಾಸ್ ಇನ್ನೂ ಕೆಳಕ್ಕೆ ಬಗ್ಗಿದ. ಸಾಲುಗಳಲ್ಲಿ ಒಬ್ಬರೂ ಕಾಲು ಇಳಿಸಲಿಲ್ಲ, ಯಾನಿಯವರಂತೂ ಮುಖ ಸಹ ತಿರುಗಿಸಲಿಲ್ಲ. ರೀಟಮ್ಮ ನೆಟ್ಟಗಾದರು. ಕಣ್ಣೀರು ಒರೆಸಿಕೊಂಡು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿದರು. ಹ್ಯಾಟು ಎದೆಗೆ ವಾಪಸು ಬಂತು.

ಕೊನೆಯ ಚರಣಕ್ಕೆ ಮುಂಚಿನ ನಿಲುಗಡೆ. ಎಲ್ಲರೂ ಹಿಮ್ಮಡಿಯ ಮೇಲೆ. ರೀಟಮ್ಮನ ಬೆನ್ನು ಏರಿತು, ಭುಜ ಏರಿತು, ಉಸಿರು ಪೂರ್ತಿ ತುಂಬಿತು; ನನ್ನ ಕಾಲ ಬಳಿಯ ಸ್ಪೀಕರಿನಲ್ಲಿ ಅದು ತುಂಬಿ ನಿಂತದ್ದು ಸ್ಪಷ್ಟವಾಗಿ ಕೇಳಿಸಿತು. ನಾನು ತಂತಿ ಮೀಟಲು ಕೈ ಎತ್ತಿದೆ.

ಅವರು ಹಾಡಲಿಲ್ಲ.

ದಣಿವಿರಲಿಲ್ಲ. ಉಸಿರು ಒಳಗೇ ಇತ್ತು, ಮುಖ ತಿಳಿಯಾಗಿತ್ತು. ಮೈಕನ್ನು ತುಟಿಯ ಹತ್ತಿರ ಹಿಡಿದುಕೊಂಡು ಯೋಪ್‌ನನ್ನು ನೋಡಿದರು. ಯೋಪ್ ಹ್ಯಾಟು ಎದೆಗೊತ್ತಿಕೊಂಡು, ಬಲ ಹಿಮ್ಮಡಿ ಮುಂದಿಟ್ಟು, ಕಾಲ್ಬೆರಳು ಮೇಲೆತ್ತಿ ನಿಂತಿದ್ದ. ಮೊಣಕಾಲು ಅದುರುತ್ತಿತ್ತು, ಕಣ್ಣು ಮಾತ್ರ ಅವರ ಮೇಲಿತ್ತು, ಎಣಿಸುತ್ತಿರಲಿಲ್ಲ. ಯಾನಿಯವರ ಹ್ಯಾಟಿನ ಹಿಂದೆ ಒಂದು ನಗು ಸಿಕ್ಕಿಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವರ ತೋಳು ಹಿಡಿದುಕೊಂಡರು. ರೀಟಮ್ಮ ಒಂದೊಂದೇ ಸಾಲು ನೋಡಿದರು, ಗಯಾಸ್‌ನನ್ನು ನೋಡಿದರು, ಗಾಳಿಯಲ್ಲಿ ನಿಂತುಹೋದ ನನ್ನ ಕೈಯನ್ನು ನೋಡಿದರು. ಇಡೀ ಸಭಾಂಗಣ ಒಂದು ಕಾಲ ಮೇಲೆ ನಿಂತು ಕಾಯಿತು.

ಎಲ್ಲರನ್ನೂ ನೋಡಿ ಮುಗಿಸಿದ ಮೇಲೆ, ತಮಗೆ ಬೇಕೆನ್ನಿಸಿದಾಗ, ಹಾಡಿದರು.